ಬಸರೀಕಟ್ಟೆ ಬಸ್ಸಿನ ಡ್ರೈವರನ ಕುತ್ತಿಗೆ

ನೋವು ಮನುಷ್ಯನನ್ನು ಮಾಗಿಸುತ್ತದೆ. ನೋವುಂಡವನೇ ಲೋಕವನ್ನು ಸರಿಯಾಗಿ ಕಾಣಬಲ್ಲ. ಈ ಮಾತು ಕುತ್ತಿಗೆ ನೋವಿಗೆ ಅನ್ವಯಿಸುವುದಿಲ್ಲ. ಕುತ್ತಿಗೆ ಹಿಡಿದುಕೊಂಡವನಿಗೆ ಲೋಕ ಎದುರಿಗಿದ್ದಷ್ಟು ಮಾತ್ರ ಕಾಣುತ್ತದೆ. ಬಲಗಡೆಯಲ್ಲಿ ನಿಂತ ಜೀಪು ಕಾಣುವುದಿಲ್ಲ.

ಕೊಪ್ಪದ ಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನದೊಂದು ಕೋಣೆಯಿದೆ. ಹೈಸ್ಕೂಲಿನ ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಕಲಿತ ಮೆದು ಹಸ್ತದ ಚಿಕಿತ್ಸೆಯನ್ನು ಅಲ್ಲಿ ಮಾಡುತ್ತೇನೆ. ಮಂಗಳವಾರ ಶೃಂಗೇರಿ, ಗುರುವಾರ ನರಸಿಂಹರಾಜಪುರ, ಉಳಿದ ದಿನ ಕೊಪ್ಪ. ಎಣ್ಣೆ ಹಚ್ಚುವುದಿಲ್ಲ, ತಿಕ್ಕುವುದಿಲ್ಲ, ನೆಟಿಗೆ ಮುರಿಯುವುದಿಲ್ಲ. ಕೈ ಇಟ್ಟು ಕಾಯುತ್ತೇನೆ. ಎಷ್ಟು ಹಗುರವಾಗಿ ಎಂದು ಕೇಳಿದವರಿಗೆ ‘ಒಂದು ಒಣ ಅಡಿಕೆಯ ಭಾರದಷ್ಟು’ ಎನ್ನುತ್ತೇನೆ. ಇದು ಅಲಂಕಾರದ ಮಾತಲ್ಲ. ಕಲಿಯುವಾಗ ಅಡುಗೆಮನೆಯ ತಕ್ಕಡಿಯ ಒಂದು ತಟ್ಟೆಯಲ್ಲಿ ಅಡಿಕೆ, ಇನ್ನೊಂದರಲ್ಲಿ ನನ್ನ ಬೆರಳು ಇಟ್ಟು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ. ಮೊದಲ ವಾರ ನನ್ನ ಬೆರಳು ಒಂದು ಹಲಸಿನ ಹಣ್ಣಿನಷ್ಟು ತೂಗುತ್ತಿತ್ತು. ಮೂವತ್ತು ವರ್ಷ ಸೀಟಿ ಊದಿದವನ ಕೈ ಅಷ್ಟು ಬೇಗ ಮೆತ್ತಗಾಗುವುದಿಲ್ಲ.

ನೋವು ಮಾಡದ ಚಿಕಿತ್ಸೆಯ ಮೇಲೆ ನಮ್ಮ ಕಡೆಯವರಿಗೆ ನಂಬಿಕೆಯಿಲ್ಲ. ಶೃಂಗೇರಿಯ ಒಬ್ಬ ಹೆಂಗಸು ಅರ್ಧ ಗಂಟೆ ನನ್ನ ಮೇಜಿನ ಮೇಲೆ ಮಲಗಿ, ಎದ್ದು ಕೂತು, ಸೆರಗು ಸರಿಮಾಡಿಕೊಂಡು, ‘ಇನ್ನು ಶುರು ಮಾಡ್ಬಹುದು’ ಎಂದಿದ್ದರು.

ಡ್ರೈವರ್ ನನ್ನ ಕೋಣೆಗೆ ಬಂದದ್ದು ಒಂದು ಮಧ್ಯಾಹ್ನ. ಬಾಗಿಲಲ್ಲಿ ನಿಂತು ನನ್ನತ್ತ ತಿರುಗಿದ. ತಿರುಗಿದ ಎಂದರೆ ಕುತ್ತಿಗೆ ತಿರುಗಿಸಲಿಲ್ಲ. ಇಬ್ಬರು ಸೇರಿ ಬೀರು ತಿರುಗಿಸುತ್ತಾರಲ್ಲ, ಹಾಗೆ ಪಾದದಿಂದ ಇಡೀ ದೇಹವನ್ನು ತಿರುಗಿಸಿದ.

‘ಗುರ್ತು ಸಿಕ್ತಾ ಮೇಷ್ಟ್ರೇ?’

ಸಿಕ್ಕಿತು. ನನ್ನ ಹಳೆಯ ವಿದ್ಯಾರ್ಥಿ. ಮೈದಾನ ಸುತ್ತು ಹಾಕಲು ಹೇಳಿದರೆ ಉಳಿದವರು ನಾಲ್ಕನೇ ಸುತ್ತಿಗೆ ಹೊಟ್ಟೆನೋವು ಎನ್ನುತ್ತಿದ್ದರು, ಇವನು ಓಡುತ್ತಲೇ ಇರುತ್ತಿದ್ದ. ‘ಸಾಕೇನೋ?’ ಎಂದರೆ ‘ಪರ್ವಾಗಿಲ್ಲ ಸಾರ್’ ಎನ್ನುತ್ತಿದ್ದ. ಒಮ್ಮೆ ಹಾಗೆನ್ನುತ್ತಲೇ ಕುಸಿದು ಬಿದ್ದಿದ್ದ. ಈ ಸಂಗತಿಯನ್ನು ಅವತ್ತೇ ನೆನಪಿಸಿಕೊಂಡಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು.

ಈಗ ಅವನು ಕೊಪ್ಪದಿಂದ ಜಯಪುರದ ಮೇಲೆ ಬಸರೀಕಟ್ಟೆಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಅದೇ ರೂಟು, ಅದೇ ಸೀಟು. ಎರಡು ತಿಂಗಳಿಂದ ಕುತ್ತಿಗೆ ಬಲಕ್ಕೆ ಹೊರಳುತ್ತಿಲ್ಲ. ಆಸ್ಪತ್ರೆಗೆ ತೋರಿಸಿದ್ದ, ಎಕ್ಸ್‌ರೇ ಕವರು ಕಂಕುಳಲ್ಲಿತ್ತು. ಮೂಳೆಯಲ್ಲಿ ದೋಷವಿಲ್ಲ, ಸ್ನಾಯು ಬಿಗಿದುಕೊಂಡಿದೆ ಎಂದು ಡಾಕ್ಟರು ಚೀಟಿ ಬರೆದಿದ್ದರು. ಮಾತ್ರೆ ಮುಗಿದಿತ್ತು, ಬಿಗಿತ ಮುಗಿದಿರಲಿಲ್ಲ.

ಬೆರಳು ಜೋಮು ಹಿಡಿಯುತ್ತದೆಯೇ, ಕೈಯಿಂದ ಲೋಟ ಜಾರುತ್ತದೆಯೇ, ತಲೆ ಸುತ್ತುತ್ತದೆಯೇ ಎಂದು ಕೇಳಿದೆ. ಇದರಲ್ಲಿ ಒಂದಿದ್ದರೂ ನಾನು ಮುಟ್ಟದೆ ಡಾಕ್ಟರ ಹತ್ತಿರ ವಾಪಸು ಕಳಿಸುತ್ತೇನೆ. ಯಾವುದೂ ಇರಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಭುಜ ಅಲುಗದಂತೆ ಹಿಂದಿನಿಂದ ಕೈಯಿಟ್ಟು, ಬಲಕ್ಕೆ ತಿರುಗಲು ಹೇಳಿದೆ. ನನ್ನ ಬಲಗೋಡೆಯ ಮೇಲೆ ಸಾಲಾಗಿ ಕ್ಯಾಲೆಂಡರ್, ಗಡಿಯಾರ, ಶಾಲೆಯ ಖೋ ಖೋ ತಂಡದ ಫೋಟೋ, ಕೊನೆಗೆ ಬಾಗಿಲ ಚಿಲಕ ಇವೆ. ಆರೋಗ್ಯವಂತನಿಗೆ ಚಿಲಕದವರೆಗೆ ಕಾಣಬೇಕು. ಇವನಿಗೆ ಕ್ಯಾಲೆಂಡರಿನ ಅಂಚು ಕಂಡಿತು. ಅದರಲ್ಲಿ ಭಾನುವಾರಗಳು ಮಾತ್ರ ಇದ್ದವು.

‘ಬಸ್ಸು ಹೆಂಗೆ ಓಡಿಸ್ತೀಯ ಮಾರಾಯ?’

‘ಎದ್ರಿಗೆ ಹೋಗೂದಕ್ಕೆ ತೊಂದ್ರೆ ಇಲ್ಲ ಮೇಷ್ಟ್ರೇ. ಬಸರೀಕಟ್ಟೆಲಿ ರಿವರ್ಸ್ ತೆಗ್ದು ತಿರುಗಿಸ್ಬೇಕಲ್ಲ, ಅಲ್ಲೇ ಕಷ್ಟ. ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡ್ಬೇಕು. ಈಗ ಕಂಡಕ್ಟರನ ಸೀಟಿ ಕೇಳ್ಕೊಂಡು ಅಂದಾಜಲ್ಲಿ ತೆಗೀತೀನಿ. ಸಾಹುಕಾರ್ರಿಗೆ ಗೊತ್ತಾಗಿದೆ. ಬೇಗ ಸರಿ ಮಾಡ್ಕೋ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ತೀನಿ ಅಂದ್ರು.’ ಎಕ್ಸ್‌ರೇ ಕವರನ್ನು ಮೇಜಿನ ಮೇಲಿಟ್ಟು, ‘ಆ ಸೀಟು ಬಿಟ್ರೆ ನಂಗೆ ಬೇರೆ ಎಂತ ಬರ್ತದೆ ಮೇಷ್ಟ್ರೇ’ ಎಂದ.

ಎರಡು ಟ್ರಿಪ್ಪಿನ ನಡುವೆ ಮಧ್ಯಾಹ್ನ ಬಸ್ಸು ಕೊಪ್ಪದಲ್ಲಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ವಾರಕ್ಕೆ ಎರಡು ಸಲ ಬರಲು ಹೇಳಿದೆ.

ಕ್ರಮ ಹೀಗೆ. ಅಂಗಾತ ಮಲಗಿಸುತ್ತೇನೆ. ತಲೆಯ ಕಡೆ ಸ್ಟೂಲು ಹಾಕಿಕೊಂಡು ಕೂತು, ಎರಡು ಅಂಗೈಯನ್ನೂ ಅವನ ತಲೆಯಡಿಗೆ ಜಾರಿಸಿ, ಬುರುಡೆ ಮುಗಿದು ಕುತ್ತಿಗೆ ಶುರುವಾಗುವ ತಗ್ಗಿನಲ್ಲಿ ಬೆರಳ ತುದಿಗಳನ್ನು ನಿಲ್ಲಿಸುತ್ತೇನೆ. ಒತ್ತುವುದಿಲ್ಲ, ತಲೆಯ ಭಾರವೇ ಬೆರಳ ಮೇಲೆ ಇಳಿಯಬೇಕು. ಮೊದಲಿಗೆ ಯಾರೂ ತಲೆಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಎಷ್ಟು ಭಾರ ಇಳಿದಿದೆ ಎಂದು ಬೆರಳಿಗೆ ತಿಳಿಯುತ್ತದೆ. ನಿಧಾನಕ್ಕೆ ಉಸಿರು ಉದ್ದವಾಗುತ್ತದೆ, ಹೊಟ್ಟೆಯಲ್ಲಿ ಗುಳಗುಳ ಸದ್ದಾಗುತ್ತದೆ, ತಲೆ ಒಂದು ನೂಲಿನಷ್ಟು ಕೆಳಗಿಳಿಯುತ್ತದೆ. ಆಮೇಲೆ ತಲೆಯನ್ನು ಅದಕ್ಕೆ ಹಿತವಾದ ಕಡೆಗೆ, ಇವನ ಪಾಲಿಗೆ ಎಡಕ್ಕೆ, ಸ್ವಲ್ಪ ಹೊರಳಿಸಿ ಹಿಡಿಯುತ್ತೇನೆ. ಬಿಗಿದ ಸ್ನಾಯುವಿನ ಜೊತೆ ಜಗಳವಾಡುವುದಿಲ್ಲ. ಅದು ಎಲ್ಲಿಗೆ ಹೋಗುತ್ತೇನೆ ಎನ್ನುತ್ತದೋ ಅಲ್ಲಿಗೇ ಕರೆದುಕೊಂಡು ಹೋಗಿ, ಒಂದೂವರೆ ನಿಮಿಷ ಕೂರಿಸಿ, ಸಮಾಧಾನವಾದ ಮೇಲೆ ವಾಪಸು ತರುವುದು. ಸಿಟ್ಟು ಮಾಡಿಕೊಂಡು ಹೋದ ಅಳಿಯನನ್ನು ಕರೆತಂದ ಹಾಗೆ.

ಕೊನೆಗೆ ಸ್ಟೂಲಿನ ಮೇಲೆ ಕೂರಿಸಿ, ಅವನ ಹಿಂದೆ ನಿಂತು ಭುಜ ಹಿಡಿದು, ಬಲಕ್ಕೆ ತಿರುಗಿಸಿ, ಎಂತ ಕಾಣುತ್ತದೆ ಎಂದು ಕೇಳುತ್ತಿದ್ದೆ.

ಮೂರನೇ ಸಲ, ‘ಗಡಿಯಾರ ಕಾಣ್ತದೆ ಮೇಷ್ಟ್ರೇ’ ಎಂದ.

‘ಗಂಟೆ ಎಷ್ಟು?’

‘ಎರಡೂ ಹತ್ತು.’

ನನ್ನ ಕೈಗಡಿಯಾರ ನೋಡಿಕೊಂಡೆ. ಎರಡೂ ಹತ್ತು. ಪುಸ್ತಕದಲ್ಲಿ ‘ಗಡಿಯಾರ’ ಎಂದು ಬರೆದೆ. ಐದನೇ ಸಲ ಫೋಟೋ ಕಂಡಿತು. ಅದರಲ್ಲಿ ಎಡತುದಿಗೆ ನಿಂತವನನ್ನೂ ಗುರುತಿಸಿ ಹೆಸರು ಹೇಳಿದ. ಆರನೇ ಸಲ, ‘ಪೂರ್ತಿ ಹಗುರ ಆಯ್ತು ಮೇಷ್ಟ್ರೇ, ಈಗ ಪರ್ವಾಗಿಲ್ಲ’ ಎಂದ. ನನ್ನ ಕೈಗುಣದ ಬಗ್ಗೆ ನನಗೇ ಸಣ್ಣ ಗೌರವ ಹುಟ್ಟಿತು. ಬಸ್ಸಿನ ಮಾಲೀಕರು ಪೇಟೆಯಲ್ಲಿ ಸಿಕ್ಕಾಗ, ‘ನಿಮ್ಮ ಡ್ರೈವರ್ ಫೋಟೋದವರೆಗೆ ಬಂದಿದ್ದಾನೆ’ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಸಂತೋಷಪಟ್ಟರು.

ಮಾರನೇ ದಿನ ಬಸರೀಕಟ್ಟೆಯಲ್ಲಿ ಅವನು ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ನಿಂತಿದ್ದ ಎಸ್ಟೇಟಿನ ಜೀಪಿಗೆ ತಾಗಿಸಿದ. ಜೀಪಿನ ಒಂದು ದೀಪ ಒಡೆಯಿತು. ಅದರಲ್ಲಿದ್ದ ಆಳುಗಳು ಆಗಲೇ ಇಳಿದು ಹೋಗಿದ್ದರಿಂದ ಯಾರಿಗೂ ಏಟಾಗಲಿಲ್ಲ. ಸಂಜೆಯೊಳಗೆ ಮಾಲೀಕರು ನನ್ನ ಮೆಟ್ಟಿಲು ಹತ್ತಿ ಬಂದರು. ಮೊಬೈಲಿನಲ್ಲಿ ದೀಪದ ಚೂರುಗಳ ಫೋಟೋ ತೋರಿಸಿದರು.

‘ಕುತ್ತಿಗೆ ಸರಿ ಆಗ್ತಾ ಇದೆ ಅಂದಿದ್ರಲ್ಲ ಮೇಷ್ಟ್ರೇ?’

ನಾನು ಗಂಭೀರವಾಗಿ ಪುಸ್ತಕ ಬಿಡಿಸಿದೆ. ದಾಖಲೆಯ ಮುಂದೆ ಬಾಯಿಮಾತು ನಿಲ್ಲುವುದಿಲ್ಲ ಎಂಬುದು ನನ್ನ ಸರ್ಕಾರಿ ನೌಕರಿಯ ಪಾಠ. ‘ನೋಡಿ, ಮೂರನೇ ಸಲಕ್ಕೇ ಗಡಿಯಾರ ಕಂಡಿದೆ. ಗಂಟೆ ಎರಡೂ ಹತ್ತು ಅಂತ ಸರಿಯಾಗಿ ಹೇಳಿದ್ದಾನೆ.’

ಮಾಲೀಕರು ಗೋಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

‘ಆ ಗಡಿಯಾರ ನಡೀತಾನೇ ಇಲ್ವಲ್ಲ ಮಾರಾಯ್ರೆ.’

ಮುಳ್ಳು ಎಂಟೂ ಮುಕ್ಕಾಲಿನಲ್ಲಿ ನಿಂತಿತ್ತು. ಎಂದಿನಿಂದ ನಿಂತಿತ್ತೋ ತಿಳಿಯದು. ಮುಳ್ಳಿನ ಮೇಲೆ ಜೇಡ ಒಂದು ಎಳೆ ಕಟ್ಟಿತ್ತು. ಬಸ್ಸಿನ ಡ್ರೈವರನಿಗೆ ಗಂಟೆ ತಿಳಿಯಲು ಗಡಿಯಾರ ಬೇಕಾಗಿಲ್ಲ. ಕೆಳಗೆ ಯಾವ ಬಸ್ಸು ಹಾರ್ನ್ ಹಾಕಿತು ಎಂಬುದರ ಮೇಲೆ ಹೇಳುತ್ತಾನೆ. ಫೋಟೋದಲ್ಲಿ ಎಡತುದಿಗೆ ನಿಂತವನು ಅವನ ಚಿಕ್ಕಪ್ಪನ ಮಗ. ಅದಕ್ಕೂ ನೋಡಬೇಕಾಗಿರಲಿಲ್ಲ.

‘ಹತ್ತು ದಿನ ಬದಲಿ ಡ್ರೈವರನ್ನ ಹಾಕ್ತೀನಿ’ ಎಂದರು ಮಾಲೀಕರು. ಅವರು ಕೆಟ್ಟವರಲ್ಲ; ಹೇಳುವಾಗ ನನ್ನ ಮುಖ ನೋಡಲಿಲ್ಲ. ‘ಹನ್ನೊಂದನೇ ದಿನ ಬಸರೀಕಟ್ಟೆಲಿ ನಾನೇ ನಿಂತು ನೋಡ್ತೀನಿ. ತಲೆ ತಿರುಗ್ಸಿ ಹಿಂದೆ ನೋಡಿ ಗಾಡಿ ತಿರುಗ್ಸಿದ್ರೆ ಸೀಟು ಅವಂದು. ಇಲ್ಲಾಂದ್ರೆ ಬದಲಿಯವನೇ ಖಾಯಂ. ಐವತ್ತು ಜನ ಕೂತಿರ್ತಾರೆ ಮೇಷ್ಟ್ರೇ, ದಾಕ್ಷಿಣ್ಯ ಮಾಡೂದಕ್ಕೆ ಆಗೂದಿಲ್ಲ.’

ಡ್ರೈವರನನ್ನು ಕರೆಸಿದೆ.

‘ಯಾಕೋ ಸುಳ್ಳು ಹೇಳಿದೆ?’

‘ಸುಳ್ಳಲ್ಲ ಮೇಷ್ಟ್ರೇ.’ ಅವನು ನೆಲ ನೋಡುತ್ತಿದ್ದ. ನೆಲ ನೋಡಲು ಅವನಿಗೆ ತೊಂದರೆಯಿರಲಿಲ್ಲ. ‘ನೀವು ಈ ವಯಸ್ಸಲ್ಲಿ ಅಷ್ಟೊತ್ತು ನನ್ನ ತಲೆ ಹಿಡ್ಕೊಂಡು ಕೂತಿರ್ತೀರಿ. ಎಂತದೂ ಆಗ್ಲಿಲ್ಲ ಅಂತ ಹೆಂಗೆ ಹೇಳೂದು?’

ಮನೆಗೆ ಬಂದವರು ಒಗ್ಗರಣೆ ಸೀದ ಸಾರನ್ನು ಎರಡು ಸಲ ಬಡಿಸಿಕೊಂಡು ‘ಚೆನ್ನಾಗಿದೆ’ ಎನ್ನುವ ಊರು ನಮ್ಮದು. ತಪ್ಪು ಅವನದಲ್ಲ. ಇಂಥ ಊರಿನಲ್ಲಿ ರೋಗಿಯ ಬಾಯಿಮಾತನ್ನು ಅಳತೆಗೋಲು ಮಾಡಿಕೊಂಡ ಡ್ರಿಲ್ ಮಾಸ್ತರನದು.

ಎರಡನೆಯ ಹಿನ್ನಡೆ ನರಸಿಂಹರಾಜಪುರದಲ್ಲಿ ಆಯಿತು.

ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಬಸ್ಸಿನ ಕಂಡಕ್ಟರನಿಗೆ ಅಂಥವರೊಬ್ಬರ ಪರಿಚಯವಿತ್ತು: ನರಸಿಂಹರಾಜಪುರದ ಪ್ರೈಮರಿ ಶಾಲೆಯ ಟೀಚರ್. ಗುರುವಾರ ನಾನು ಅದೇ ಊರಿನಲ್ಲಿ ಇನ್ನೊಬ್ಬರ ಸೊಂಟದ ಮೇಲೆ ಕೈಯಿಟ್ಟು ಕೂತಿದ್ದಾಗ, ಅಂದು ರಜೆ ಹಾಕಿದ್ದ ಕಂಡಕ್ಟರನ ಫೋನು ಬಂತು.

‘ಮೇಷ್ಟ್ರೇ, ಬೈಬಾರ್ದು. ಒಂಚೂರು ಟೀಚರ್ ಮನೆ ಹತ್ರ ಬರ್ತೀರಾ?’

ಹೋಗಿ ನೋಡಿದರೆ ಡ್ರೈವರ್ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ. ತಲೆ ಎಡಕ್ಕೆ ವಾಲಿ ಅಲ್ಲೇ ನಿಂತುಬಿಟ್ಟಿತ್ತು. ಮೂವತ್ತರ ಆಸುಪಾಸಿನ ಟೀಚರ್ ಕಣ್ಣೀರು ಹಾಕುತ್ತಿದ್ದರು.

‘ನಾನು ಒದೀಲೇ ಇಲ್ಲ ಸಾರ್. ಕಾಲು ಬರೀ ತಾಗಿಸಿದ್ದು. ಇವ್ರೇ ಒತ್ತಾಯ ಮಾಡಿದ್ದು’ ಎಂದು ಕಂಡಕ್ಟರನನ್ನು ತೋರಿಸಿದರು.

ನಡೆದದ್ದು ಇಷ್ಟು. ಹಿರಿಯರಿಗೆ ಕಾಲು ತಾಗಿಸಲು ಟೀಚರಿಗೆ ಸಂಕೋಚ. ಬಹಳ ಹೇಳಿಸಿಕೊಂಡ ಮೇಲೆ ಹೆಬ್ಬೆರಳಿನಿಂದ ಅವನ ಹೆಗಲನ್ನು ಮುಟ್ಟಿದರು. ಆ ಮುಟ್ಟುವಿಕೆ ಒಂದು ಅಡಿಕೆಗಿಂತ ಹಗುರವಾಗಿತ್ತು ಎಂದು ಡ್ರೈವರನೇ ಹೇಳಿದ್ದಾನೆ. ಅಲ್ಲಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹಿರಿಯರಿಗೆ ಕಾಲು ತಾಗಿದರೆ ನಮಸ್ಕಾರ ಮಾಡಬೇಕಲ್ಲ. ಟೀಚರ್ ಬಗ್ಗಿ ಅವನ ಪಾದ ಮುಟ್ಟಲು ಹೋದರು. ವಿದ್ಯೆ ಕಲಿಸುವ ಹೆಣ್ಣುಮಗಳು ತನ್ನ ಕಾಲು ಹಿಡಿಯುವುದೇ ಎಂದು ಇವನು, ‘ಬ್ಯಾಡ ಬ್ಯಾಡ ಅಮ್ಮ’ ಎಂದು ಗಬಕ್ಕನೆ ಬಗ್ಗಿ ತಡೆಯಲು ಹೋದ. ಆಗ ಹಿಡಿಯಿತು. ಒದೆತದಿಂದ ಹಾನಿಯಾದ ಪ್ರಕರಣ ಲೋಕದಲ್ಲಿ ಬೇಕಾದಷ್ಟಿದೆ. ಮರ್ಯಾದೆಯಿಂದ ಆದದ್ದನ್ನು ನಾನು ಕಂಡದ್ದು ಅದೊಂದೇ.

ಕೈಕಾಲಿನ ಬಲ, ಸ್ಪರ್ಶ ಎಲ್ಲ ನೋಡಿದೆ. ಸರಿಯಿತ್ತು. ಜಗುಲಿಯಲ್ಲೇ ಚಾಪೆ ಹಾಸಿ, ತಲೆ ವಾಲಿದ ಕೋನಕ್ಕೇ ದಿಂಬು ಕೊಟ್ಟು ಮಲಗಿಸಿದೆ. ನೆಟ್ಟಗೆ ಮಾಡಲು ಹೋಗಲಿಲ್ಲ. ವಾಲಿದ ಕಡೆಗೇ ಇನ್ನೊಂದು ಕೂದಲೆಳೆಯಷ್ಟು ಬಿಟ್ಟು, ಬೆರಳಿಟ್ಟು ಕೂತೆ. ಮುಕ್ಕಾಲು ಗಂಟೆಗೆ ತಲೆ ಮೊದಲಿದ್ದ ಜಾಗಕ್ಕೆ ಬಂತು, ಅಂದರೆ ಕ್ಯಾಲೆಂಡರಿಗೆ. ಟೀಚರ್ ಕಾಫಿ ಕೊಟ್ಟರು. ಡ್ರೈವರ್ ಲೋಟ ತೆಗೆದುಕೊಂಡು, ‘ನೀವು ಬೇಜಾರ ಮಾಡ್ಕೋಬೇಡಿ ಅಮ್ಮ. ನಿಮ್ಮ ಕಾಲು ತಾಗಿದ್ದೇ ಒಳ್ಳೆ ಹಗುರ ಆಯ್ತು’ ಎಂದ.

ಉಳಿದದ್ದು ಆರು ದಿನ.

ಸಂಜೆ ಕೊಪ್ಪಕ್ಕೆ ಬಸ್ಸಿನಲ್ಲಿ ಮೂವರೂ ಒಟ್ಟಿಗೆ ಬಂದೆವು. ಡ್ರೈವರ್ ನನ್ನ ಎದುರಿನ ಸೀಟಿನಲ್ಲಿ, ಪ್ರಯಾಣಿಕನಾಗಿ. ಮಾಡಲು ಬೇರೆ ಕೆಲಸವಿಲ್ಲದೆ ಅವನ ಹೆಗಲು ನೋಡುತ್ತಿದ್ದೆ. ಪ್ರತಿ ಸ್ಟಾಪು ಹತ್ತಿರ ಬಂದಾಗ, ಬಸ್ಸು ನಿಲ್ಲುವ ಮೊದಲೇ, ಅವನ ಬಲಹೆಗಲು ಕಿವಿಯ ಕಡೆಗೆ ಏರುತ್ತಿತ್ತು. ಬಸ್ಸು ಹೊರಟ ಮೇಲೆ ಇಳಿಯುತ್ತಿತ್ತು, ಪೂರ್ತಿ ಅಲ್ಲ. ಅದು ಅವನ ಬಸ್ಸಲ್ಲ, ಅವನ ರೂಟಲ್ಲ, ಅವನ ಮುಂದೆ ಸ್ಟೇರಿಂಗ್ ಇರಲಿಲ್ಲ. ಆದರೂ ಹೆಗಲು ಡ್ಯೂಟಿಯಲ್ಲಿತ್ತು.

ಮೂರು ವಾರ ನಾನು ಚಿಕಿತ್ಸೆ ಮಾಡಿದ್ದು ಮೇಜಿನ ಮೇಲೆ ಮಲಗಿದ ಕುತ್ತಿಗೆಗೆ. ನೋವಿದ್ದದ್ದು ಸೀಟಿನಲ್ಲಿ ಕೂತ ಕುತ್ತಿಗೆಯಲ್ಲಿ. ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ತೀರ್ಮಾನ ಮಾಡಿದೆ: ಇನ್ನು ಮೇಜು ಬೇಡ, ಅವನ ಮಾತೂ ಬೇಡ. ಮಾಲೀಕರಿಗೆ ಫೋನು ಮಾಡಿ, ಮಧ್ಯಾಹ್ನ ನಿಂತಿರುವ ಬಸ್ಸನ್ನು ಗಂಟೆ ಹೊತ್ತು ನಮಗೆ ಬಿಡಬೇಕೆಂದು ಕೇಳಿದೆ.

‘ಬಸ್ಸಿಗೂ ಕೈಯಿಡ್ತೀರಾ ಮೇಷ್ಟ್ರೇ?’ ಎಂದರು. ಬಿಟ್ಟರು.

ಶುಕ್ರವಾರ ಮಧ್ಯಾಹ್ನ ಡ್ರೈವರ್ ತನ್ನ ಸೀಟಿನಲ್ಲಿ ಕೂತ. ಎಂಜಿನ್ ಬಂದ್. ನಾನು ಹಿಂದಿನ ಸೀಟಿನಲ್ಲಿ ಕೂತು, ನಡುವಿನ ಸರಳಿನ ಮೇಲಿನಿಂದ ಕೈ ಚಾಚಿ, ಅವನ ಕುತ್ತಿಗೆಯ ಎರಡೂ ಬದಿಗೆ ಬೆರಳಿಟ್ಟೆ. ಕಂಡಕ್ಟರನಿಗೆ ಬಾಗಿಲಲ್ಲಿ ನಿಂತು ಕೊಪ್ಪದಿಂದ ಒಂದೊಂದೇ ಸ್ಟಾಪು ಕೂಗಲು ಹೇಳಿದೆ.

‘ಹಾಲಿನ ಡೈರೀ!’

ಬೆರಳ ಕೆಳಗೆ ಬಲಗಡೆಯ ಸ್ನಾಯು ಎದ್ದು ನಿಂತಿತು.

‘ಇಲ್ಲಿ ಎಂತ ಮಾಡ್ತೀಯ?’

‘ಇಲ್ಲಿ ಪೇಪರ್ ಕೊಡೂದು ಮೇಷ್ಟ್ರೇ’ ಎಂದು ಬಲಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ, ತಲೆಯನ್ನು ಬಲಕ್ಕೆ ಕೆಳಗೆ ಬಗ್ಗಿಸಲು ಹೊರಟು, ಅರ್ಧಕ್ಕೆ ಮುಖ ಕಿವುಚಿದ.

‘ಶಾಲೆ!’ ಅಡುಗೆಯವಳಿಗೆ ಗಂಡನ ಬಿ.ಪಿ. ಮಾತ್ರೆ. ‘ಸೇತುವೆ!’ ಟೈಲರಿಗೆ ಕೊಡಲು ಅಳತೆಯ ರವಿಕೆ ಈಸಿಕೊಳ್ಳುವುದು. ‘ಕಾಫಿ ಡಿಪೋ!’ ರಿಪೇರಿಯಾದ ಕನ್ನಡಕ. ಮುಂದೆ ಬಾಳೆಲೆ ಕಟ್ಟು, ಮೊಬೈಲ್ ಚಾರ್ಜರ್, ಜಾತಕದ ಜೆರಾಕ್ಸು. ಎಲ್ಲವೂ ಡ್ರೈವರನ ಕಿಟಕಿಯಿಂದ, ಕಾಲು ಬ್ರೇಕಿನ ಮೇಲೆ, ಎಡಗೈ ಗೇರಿನ ಮೇಲೆ, ಬಲಗೈ ಹೊರಗೆ, ಕುತ್ತಿಗೆ ತಿರುಚಿ. ಬಸರೀಕಟ್ಟೆಯವರೆಗೆ ಲೆಕ್ಕ ಹಾಕಿದೆ: ಇಪ್ಪತ್ತಾರು ಸಲ. ವಾಪಸು ಬರುವಾಗ ಕಡಿಮೆ, ಹತ್ತೊಂಬತ್ತು.

‘ಕಂಡಕ್ಟರ್ ಹತ್ರ ಕೊಡ್ಬಾರ್ದಾ ಇವ್ರೆಲ್ಲ?’

‘ನಾನು ಮರೀತೀನಂತೆ’ ಎಂದ ಕಂಡಕ್ಟರ್. ‘ಅವನು ಮರೆಯೂದಿಲ್ಲ, ಇಲ್ಲ ಅನ್ನೂದೂ ಇಲ್ಲ. ಊರಿಗೆಲ್ಲ ಬೇಕಾದ ಜನ. ನೋಡಿ, ಈಗ ಸಂಪಿಗೆಮರದ ತಿರ್ವು ಬರ್ತದೆ.’

ಅವನು ಹೆಸರು ಹೇಳಿ ಮುಗಿಸಿರಲಿಲ್ಲ, ನನ್ನ ಬಲಗೈ ಬೆರಳ ಕೆಳಗೆ ಸ್ನಾಯು ಬಾವಿಹಗ್ಗದಂತೆ ಬಿಗಿಯಿತು. ಅಷ್ಟು ಬಿಗಿ ಬೇರೆಲ್ಲೂ ಸಿಕ್ಕಿರಲಿಲ್ಲ.

ಸಂಪಿಗೆಮರದ ತಿರುವಿನಲ್ಲಿ ರಸ್ತೆಯ ಬಲಕ್ಕೆ ಗುಡ್ಡ ಕಡಿದ ಆಳೆತ್ತರದ ದರೆ. ದರೆಯ ಮೇಲೆ ನಿವೃತ್ತ ತಹಸೀಲ್ದಾರರ ಮನೆ. ಅವರು ದರೆಯ ಅಂಚಿಗೆ ನಿಂತು, ಕೋಲಿಗೆ ಕಟ್ಟಿದ ಚೀಲ ಇಳಿಸಿ, ಪೇಪರನ್ನು ಮೇಲೆ ಎಳೆದುಕೊಳ್ಳುತ್ತಾರೆ. ಅಲ್ಲೇ ಮೊದಲ ಪುಟ ಬಿಡಿಸಿ, ದೇಶದ ಆಗುಹೋಗುಗಳ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸುತ್ತಾರೆ. ಹಿರಿಯರು ಮಾತಾಡುವಾಗ ಗಾಡಿ ಬಿಡುವುದು ಹೇಗೆ? ಇವನು ಕಿಟಕಿಯಿಂದ ತಲೆ ಹೊರಹಾಕಿ, ಬಲಕ್ಕೆ ಮೇಲಕ್ಕೆ ತಿರುಚಿ ಹಿಡಿದು, ಕೇಳುತ್ತಾನೆ.

‘ಎಷ್ಟು ಹೊತ್ತು ನಿಲ್ತೀಯ ಅಲ್ಲಿ?’

‘ಅವ್ರ ಮಾತು ಮುಗಿಯೂವರೆಗೆ.’

‘ಎಲೆಕ್ಷನ್ ಟೈಮಲ್ಲಿ ನಾನು ಇಳಿದು ಬೀಡಿ ಸೇದ್ಬಹುದು’ ಎಂದ ಕಂಡಕ್ಟರ್.

ಈ ಮನುಷ್ಯನ ಮೈಯಲ್ಲಿ ‘ಆಗೂದಿಲ್ಲ’ ಎನ್ನಲು ಬರುತ್ತಿದ್ದದ್ದು ಆ ಒಂದು ಸ್ನಾಯುವಿಗೆ ಮಾತ್ರ. ಇಪ್ಪತ್ತೆರಡು ವರ್ಷ ಬಲಕ್ಕೆ ತಿರುಗಿ ದುಡಿದು, ಒಂದು ದಿನ ಅದು ಇನ್ನು ತಿರುಗುವುದಿಲ್ಲ ಎಂದು ಕೂತಿತು. ಅದಕ್ಕೆ ದಾಕ್ಷಿಣ್ಯವಿರಲಿಲ್ಲ.

ಅಂದಿನಿಂದ ಚಿಕಿತ್ಸೆ ಬಸ್ಸಿನಲ್ಲಿ. ಕಂಡಕ್ಟರ್ ಸ್ಟಾಪು ಕೂಗುತ್ತಾನೆ. ಹೆಗಲು ಏರಿದರೆ ಅಲ್ಲೇ ನಿಲ್ಲುತ್ತೇವೆ. ನಾನು ಹೆಗಲ ಮೇಲೆ ಅಂಗೈ ಇಡುತ್ತೇನೆ, ಕೆಳಗೆ ಒತ್ತುವುದಿಲ್ಲ. ಏರಿದ್ದು ಅವನಿಗೇ ತಿಳಿಯಬೇಕು. ಉಸಿರು ಬಿಟ್ಟು, ಅದು ತಾನಾಗಿ ಇಳಿಯುವವರೆಗೆ ಮುಂದಿನ ಸ್ಟಾಪಿಲ್ಲ. ಆಮೇಲೆ ಅವನ ಬಲಗೆನ್ನೆಗೆ ಎರಡು ಬೆರಳು ಒಡ್ಡಿ, ಒಂದು ಅಡಿಕೆಯನ್ನು ತಳ್ಳುವಷ್ಟು ಬಲದಲ್ಲಿ ಅದನ್ನು ತಳ್ಳಲು ಹೇಳುತ್ತೇನೆ. ಏಳು ಎಣಿಸಿ ಬಿಡುವುದು. ಬಿಟ್ಟಾಗ ಸಿಕ್ಕಷ್ಟು ಬಲಕ್ಕೆ ಹೋಗುವುದು. ಮೊದಲ ದಿನ ಮುಕ್ಕಾಲು ಗಂಟೆ ಹಿಡಿದರೂ ಜಯಪುರ ಮುಟ್ಟಲಿಲ್ಲ. ಎರಡನೇ ದಿನ ಸಂಪಿಗೆಮರದ ತಿರುವಿನಲ್ಲಿ ಸಿಕ್ಕಿಬಿದ್ದೆವು. ನಿಂತಲ್ಲೇ ನಿಂತ ಬಸ್ಸಿನಲ್ಲಿ ಬಸರೀಕಟ್ಟೆಗೆ ಹೋಗಲು ನಮಗೆ ನಾಲ್ಕು ದಿನ ಬೇಕಾಯಿತು.

ಸ್ಟಾಪುಗಳನ್ನು ಕೂಗುವುದು ಕೇಳಿ ಜನ ಹತ್ತಿ ಕೂರುತ್ತಿದ್ದರು. ಒಬ್ಬ ಅಜ್ಜ ಚೀಲ ಹಿಡಿದು ಬಂದು, ‘ಇದು ಎಲ್ಲಿಗೆ ಹೋಗ್ತದೆ?’ ಎಂದರು.

‘ಎಲ್ಲಿಗೂ ಇಲ್ಲ ಅಜ್ಜ, ಇದು ಕುತ್ತಿಗೆಗೆ’ ಎಂದ ಕಂಡಕ್ಟರ್. ಅಜ್ಜ ಕೂತೇ ಇದ್ದರು. ಅವರ ಬಸ್ಸು ಬಂದಾಗ, ‘ಸೇತುವೆ ಹತ್ರ ಇನ್ನೊಂಚೂರು ಹಿಡ್ಕೊಳ್ಳಿ’ ಎಂದು ಸಲಹೆ ಕೊಟ್ಟು ಇಳಿದರು.

ಪರೀಕ್ಷೆಯನ್ನೂ ಬದಲಿಸಿದೆ. ಕಂಡಕ್ಟರ್ ಬಸ್ಸಿನ ಹಿಂದೆ ಬಲಗಡೆ ನಿಂತು, ತನಗೆ ತೋಚಿದಷ್ಟು ಬೆರಳು ಎತ್ತುತ್ತಾನೆ. ಡ್ರೈವರ್ ಕಿಟಕಿಯಿಂದ ತಿರುಗಿ ನೋಡಿ ಎಷ್ಟೆಂದು ಹೇಳಬೇಕು. ಮೊದಲ ದಿನ ಅವನು ಎಂಟು ಸಲವೂ ‘ಮೂರು’ ಎಂದ. ಎರಡು ಸಲ ಸರಿಯಾಯಿತು. ಪುಸ್ತಕದಲ್ಲಿ ಎಂಟಕ್ಕೆ ಎರಡು ಎಂದು ಬರೆದೆ. ನಾಲ್ಕನೇ ದಿನ ಎಂಟಕ್ಕೆ ಐದು.

ಆದರೆ ಇಪ್ಪತ್ತಾರು ಪಾರ್ಸೆಲ್ ಮತ್ತೆ ಶುರುವಾದರೆ ನನ್ನ ಬೆರಳಿನ ಕೆಲಸ ವಾರಕ್ಕೆ ಮುಗಿಯುತ್ತಿತ್ತು. ಇದನ್ನು ಮಾಲೀಕರಿಗೆ ಹೇಳಿದೆ.

‘ಪಾರ್ಸೆಲ್ ನಿಲ್ಸೂದಕ್ಕೆ ಆಗೂದಿಲ್ಲ ಮೇಷ್ಟ್ರೇ. ಅದಕ್ಕೇ ಜನ ನಮ್ಮ ಬಸ್ಸಿಗೆ ಕಾಯೂದು.’

‘ನಿಲ್ಲಿಸ್ಬೇಡಿ. ಹಿಂದಿನ ಬಾಗ್ಲಿಗೆ ಹಾಕಿ.’

‘ನನ್ನ ಕುತ್ತಿಗೆ ಎಂತ ಬಾಡಿಗೆಗೆ ತಂದದ್ದಾ?’ ಎಂದ ಕಂಡಕ್ಟರ್. ಬಾಗಿಲಲ್ಲಿ ಎದುರಾಗಿ ನಿಂತು ಕೊಡುವವನಿಗೆ ಕುತ್ತಿಗೆ ತಿರುಚುವ ಪ್ರಮೇಯವಿಲ್ಲ ಎಂದು ಮಾಡಿ ತೋರಿಸಿದ ಮೇಲೆ ಸುಮ್ಮನಾದ. ಹಿಂದಿನ ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ ಹೊಡೆಸಿದರು. ಡ್ರೈವರನ ಕಿಟಕಿಯ ಕೆಳಗೆ ‘ಇಲ್ಲಿ ಏನನ್ನೂ ಕೊಡಬಾರದು, ಕೇಳಬಾರದು, ಹೇಳಬಾರದು’ ಎಂದು ನಾನೇ ಬಣ್ಣದಲ್ಲಿ ಬರೆದೆ. ಇಲ್ಲ ಎನ್ನಲು ಬಾರದವನ ಪರವಾಗಿ ಯಾರಾದರೂ ಬರೆದು ಕೊಡಬೇಕಾಗುತ್ತದೆ.

ತಹಸೀಲ್ದಾರರ ಮನೆಗೆ ನಾನೇ ಹೋದೆ.

‘ನನ್ನ ಮಾತಿಂದ ಅವನ ಕುತ್ತಿಗೆ ಹಿಡೀತು ಅಂತೀರಾ?’ ಎಂದು ದರೆಯ ಮೇಲಿನಿಂದ ಕೇಳಿದರು. ನಾನು ಕೆಳಗೆ ರಸ್ತೆಯಲ್ಲಿದ್ದೆ. ಎರಡು ನಿಮಿಷಕ್ಕೆ ನನ್ನ ಕುತ್ತಿಗೆಯೂ ಹಿಡಿಯತೊಡಗಿತು.

‘ಮಾತಿಂದ ಅಲ್ಲ, ದರೆಯಿಂದ. ಕೆಳಗಿಳಿದು ಬಾಗಿಲ ಹತ್ರ ಈಸ್ಕೊಳ್ಳಿ ಸಾರ್.’

‘ಮಂಡಿನೋವು. ಇಳಿಯೂದಕ್ಕೆ ಆಗ್ತಿದ್ರೆ ಕೋಲಿಗೆ ಚೀಲ ಯಾಕೆ ಕಟ್ತಿದ್ದೆ?’

ಹತ್ತಿ ಹೋಗಿ ಮಂಡಿ ನೋಡಿದೆ. ಪೇಪರನ್ನು ಇನ್ನು ಕಂಡಕ್ಟರನೇ ಇಳಿದು ಚೀಲಕ್ಕೆ ಹಾಕುವುದೆಂದಾಯಿತು. ಈಗ ಅವರು ಶನಿವಾರ ಮೆಟ್ಟಿಲಿಗೊಮ್ಮೆ ನಿಂತು ನನ್ನ ಕೋಣೆಗೆ ಬರುತ್ತಾರೆ. ಎದ್ದು ಹೋಗುವಾಗ ಪ್ರತಿ ಸಲ ‘ಎಂತದೂ ಪ್ರಯೋಜನ ಆಗ್ಲಿಲ್ಲ’ ಎನ್ನುತ್ತಾರೆ. ನನ್ನ ಪುಸ್ತಕದಲ್ಲಿ ನಂಬಲು ಯೋಗ್ಯವಾದ ಬಾಯಿಮಾತು ಅವರದೊಂದೇ.

ಹನ್ನೊಂದನೇ ದಿನ ಬೆಳಿಗ್ಗೆ ಬಸರೀಕಟ್ಟೆಯವರೆಗೆ ಬದಲಿ ಡ್ರೈವರ್ ಬಸ್ಸು ತಂದ. ಜನ ಇಳಿದ ಮೇಲೆ ಸೀಟು ಬಿಟ್ಟುಕೊಟ್ಟು ಕೆಳಗೆ ಬಂದು, ‘ಅಣ್ಣಾ, ನಿಧಾನ’ ಎಂದು ನಮ್ಮವನ ಬೆನ್ನು ತಟ್ಟಿದ. ಎಸ್ಟೇಟಿನ ಜೀಪು ಅದೇ ಜಾಗದಲ್ಲಿತ್ತು, ಒಂದು ದೀಪ ಹೊಸದು. ಮಾಲೀಕರು ಕಂಡಕ್ಟರನ ಸೀಟಿಯನ್ನು ಈಸಿಕೊಂಡು ಜೇಬಿಗೆ ಹಾಕಿದರು.

‘ಸೀಟಿ ಇಲ್ಲ. ನೋಡಿ ತೆಗಿ.’

ಡ್ರೈವರ್ ಹತ್ತಿ ಕೂತ. ನಾನು ಹಿಂದೆ ಕೂರಲಿಲ್ಲ, ಕೆಳಗೆ ನಿಂತೆ. ಎಂಜಿನ್ ಹೊತ್ತಿಸಿದ. ಬಲಹೆಗಲು ಏರಿತು. ಗೇರಿನ ಮೇಲೆ ಕೈಯಿಟ್ಟವನು ಹಾಗೇ ಕೂತ. ಹೋಟೆಲಿನ ಬೆಂಚಿನಲ್ಲಿ ಕೂತವರು, ‘ಎಂತ, ಗಾಡಿ ಬಂದ್ ಆಯ್ತಾ?’ ಎಂದರು. ಅವನು ಉಸಿರು ಬಿಟ್ಟ; ಹೆಗಲು ಇಳಿಯಿತು. ಆಮೇಲೆ ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದ. ಬಸ್ಸು ಹಿಂದೆ ಬಂತು, ಜೀಪಿನಿಂದ ಎರಡು ಮೊಳ ದೂರ ನಿಂತಿತು, ಮುಂದೆ ಹೋಯಿತು, ಇನ್ನೊಮ್ಮೆ ಹಿಂದೆ ಬಂತು. ಮಾಲೀಕರು ಬಸ್ಸಿನ ಹಿಂದೆ ನಿಂತು ಕೈ ಎತ್ತಿದರು.

‘ಎಷ್ಟೋ?’

‘ನಾಲ್ಕು ಸಾಹುಕಾರ್ರೇ. ಉಂಗುರದ ಬೆರಳು ಮಡಚಿದ್ದೀರಿ.’

ಮಾಲೀಕರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಹೌದಾಗಿತ್ತು.

ಬಸ್ಸು ಕೊಪ್ಪದ ಕಡೆ ಮುಖ ಮಾಡಿ ನಿಂತಿತು. ನಾನು ಕಿಟಕಿಯ ಕೆಳಗೆ ಹೋದೆ. ನಾನೇ ಬರೆದ ಬೋರ್ಡನ್ನು ಉಲ್ಲಂಘಿಸಿ ಕೇಳಿದೆ:

‘ನೋವು ಇದ್ಯಾ?’

ಅವನು ಬಾಯಿ ತೆರೆದ. ಯಾವ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಬರಲಿಲ್ಲ. ಬಾಯಿ ಮುಚ್ಚಿ, ತಲೆಯನ್ನು ಇನ್ನೊಮ್ಮೆ ಬಲಕ್ಕೆ ಹೊರಳಿಸಿ ನೋಡಿದ.

‘ಇದೆ ಮೇಷ್ಟ್ರೇ’ ಎಂದ. ‘ತುದೀಲಿ ಹಿಡೀತದೆ. ಪೂರ್ತಿ ಹೋಗಿಲ್ಲ.’

ಪುಸ್ತಕ ತೆಗೆದು ಅದನ್ನು ಅವನ ಮಾತಿನಲ್ಲೇ ಬರೆದುಕೊಂಡೆ.

ಅವನು ಆಮೇಲೆ ಎರಡು ತಿಂಗಳು ವಾರಕ್ಕೊಮ್ಮೆ ಬಂದ. ಅವನ ಕುತ್ತಿಗೆಯ ಹಿಡಿತ ಬಿಟ್ಟದ್ದು ಟೀಚರ ಕಾಲಿನಿಂದ ಎಂದೇ ನರಸಿಂಹರಾಜಪುರದಲ್ಲಿ ಪ್ರತೀತಿ; ಅವರ ಗೇಟಿನ ಬಳಿ ಈಗ ಸೊಂಟ ಹಿಡಿದವರು ಬಂದು ನಿಲ್ಲುತ್ತಾರಂತೆ, ಅವರು ಹಿಂದಿನ ಬಾಗಿಲಿನಿಂದ ಶಾಲೆಗೆ ಹೋಗುತ್ತಾರಂತೆ. ಬದಲಿ ಡ್ರೈವರನನ್ನು ಮಾಲೀಕರು ಶೃಂಗೇರಿ ರೂಟಿಗೆ ಹಾಕಿದರು. ನನ್ನ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದ್ದೇನೆ.

ಬೆಳಿಗ್ಗೆ ಏಳೂ ಇಪ್ಪತ್ತರ ಬಸರೀಕಟ್ಟೆ ಬಸ್ಸನ್ನು ಅವನೇ ಓಡಿಸುತ್ತಿದ್ದಾನೆ. ಕುತ್ತಿಗೆ ಬಲಕ್ಕೆ ಫೋಟೋದವರೆಗೆ ತಿರುಗುತ್ತದೆ, ಚಿಲಕ ಕಾಣುವುದಿಲ್ಲ.